ಹಿಡಿದು ಬಿಟ್ಟ ಮೀನು

ಪ್ರಾಣಿಯನ್ನು ಕೊಲ್ಲದೆ ಬಿಟ್ಟ ಮಾತ್ರಕ್ಕೆ ಅಹಿಂಸಾಣುವ್ರತವು ಪಾಲಿತವಾಯಿತೆ? ನದಿತೀರದ ಗಾಳದ ವಿನೋದವು ಈ ಪ್ರಶ್ನೆಯನ್ನು ಶ್ರಾವಕನ ಮುಂದಿಡುತ್ತದೆ.

ನಂಜನಗೂಡನ್ನು ಹಾದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವ ಕಪಿಲೆಯು ಮೂಗೂರು ಸೀಮೆಯವರಿಗೆ ಚಿರಪರಿಚಿತ. ಈ ನದಿಯಲ್ಲಿ 1946ರಲ್ಲಿ ಮೈಸೂರಿನ ಡಿ ವೆಟ್ ವಾನ್ ಇಂಗೆನ್ ಎಂಬವರು 120 ಪೌಂಡ್ ತೂಕದ ಮಹಶೀರ್ ಮೀನನ್ನು ಗಾಳದಿಂದ ಹಿಡಿದರು. ಏಡಿಯನ್ನೂ ಅರೆಯಬಲ್ಲ ಹಲ್ಲುಗಳನ್ನು ಗಂಟಲಿನಲ್ಲಿ ಅಡಗಿಸಿಕೊಂಡಿರುವ ಬಲಿಷ್ಠ ಮೀನಿದು. ಮುಂದೆ ಕಾವೇರಿಯ ಭೀಮೇಶ್ವರಿ ಮೊದಲಾದೆಡೆಗಳಲ್ಲಿ ಇದನ್ನು ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುವ ಪದ್ಧತಿ ಬೆಳೆಯಿತು.

ಈ ವಿನೋದವನ್ನು ಸಮರ್ಥಿಸುವವರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಸಿಡಿಮದ್ದಿನಿಂದ ಮೀನು ಕೊಲ್ಲುತ್ತಿದ್ದವರಲ್ಲಿ ಕೆಲವರಿಗೆ ಅಲ್ಲಿ ಕಾವಲಿನ ಕೆಲಸ ದೊರೆಯಿತು. ಕಾವೇರಿಯ ಗೂನುಬೆನ್ನಿನ ಮಹಶೀರನ್ನು 2018ರಲ್ಲಿ ವಿನಾಶದ ಅತ್ಯಂತ ಸಮೀಪದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಗಿದೆ. ಅಂಥ ಜೀವಿಗೆ ಕಾವಲೊದಗಿಸುವುದು ನಿಸ್ಸಂದೇಹವಾಗಿ ಪುಣ್ಯಕಾರ್ಯ.

ಆದರೆ ಕಾವಲು ಬೇರೆ, ಕೊಕ್ಕೆ ಬೇರೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧಗಳೆಂದು ಈ ವ್ರತಕ್ಕೆ ಅತಿಚಾರಗಳು ಐದು. ಪ್ರಾಣ ಹೋಗದಿದ್ದರೂ ಇವು ದೋಷಗಳೇ. ಕೊಕ್ಕೆ ತುಟಿಯನ್ನು ಚುಚ್ಚುವುದು ಛೇದ. ದಾರ ಸೆಳೆದು ಹಿಡಿಯುವುದು ಬಂಧ. ರಾಗಿಹಿಟ್ಟಿನ ಉಂಡೆಯನ್ನೋ ಗರಿ-ನೂಲುಗಳ ಕೃತಕ ಹುಳವನ್ನೋ ಒಡ್ಡಿ, ಹಸಿದು ಬಂದ ಜೀವಿಗೆ ಅನ್ನದ ನೆಪದಲ್ಲಿ ಉಕ್ಕನ್ನು ಉಣಿಸುವುದು ಅನ್ನನಿರೋಧಕ್ಕಿಂತಲೂ ಕ್ರೂರ. ಹೊಟ್ಟೆಪಾಡಿನ ಒತ್ತಾಯವೂ ಇಲ್ಲದೆ, ಕೇವಲ ವಿನೋದಕ್ಕಾಗಿ ನಡೆಯುವುದರಿಂದ ಇದು ಅನರ್ಥದಂಡವೂ ಹೌದು.

ಸೋಮದೇವಸೂರಿಯ ಯಶಸ್ತಿಲಕದಲ್ಲಿ ಮೃಗಸೇನನೆಂಬ ಬೆಸ್ತನ ಕಥೆಯಿದೆ. ಬಲೆಗೆ ಮೊದಲು ಬಿದ್ದ ಮೀನನ್ನು ಬಿಟ್ಟುಬಿಡುವೆನೆಂದು ಅವನು ಮುನಿಯಿಂದ ವ್ರತ ಪಡೆದನು. ಗುರುತಿಗೆ ಬಟ್ಟೆಯ ಚೂರು ಕಟ್ಟಿ ಬಿಟ್ಟ ಮೀನೇ ಅಂದು ಐದು ಸಲ ಬಲೆಗೆ ಬಿದ್ದಿತು. ಐದು ಸಲವೂ ಬಿಟ್ಟು ಬರಿಗೈಯಲ್ಲಿ ಮನೆಗೆ ಮರಳಿದನು. ಹೆಂಡತಿ ಬಾಗಿಲು ತೆರೆಯಲಿಲ್ಲ. ಆ ರಾತ್ರಿಯೇ ಹಾವು ಕಚ್ಚಿ ಮಡಿದರೂ, ವ್ರತದ ಫಲ ಮರುಜನ್ಮದಲ್ಲಿ ಅವನನ್ನು ಐದು ಸಲ ಕಾಯಿತು.

ಮೃಗಸೇನನೂ ಮೀನನ್ನು ಬಿಟ್ಟನು, ವಿನೋದಿಯೂ ಬಿಡುತ್ತಾನೆ. ಮೊದಲನೆಯವನು ಬಿಟ್ಟದ್ದು ತನ್ನ ಊಟವನ್ನು. ಎರಡನೆಯವನು ಸುಖವನ್ನು ಪೂರ್ಣವಾಗಿ ಪಡೆದ ಮೇಲೆ, ತನಗೆ ಬೇಡವಾದುದನ್ನು ಬಿಡುತ್ತಾನೆ. ತ್ಯಾಗವಿಲ್ಲದ ಬಿಡುಗಡೆ ವ್ರತವಾಗದು.

ಇದೇ ಮಾತು ಗಾಳವನ್ನೇ ಮುಟ್ಟದ ಶ್ರಾವಕನನ್ನೂ ತಟ್ಟಬೇಕು. ವಿನೋದಿಯ ಹಣದಿಂದಾದರೂ ನದಿಗೆ ಒಂದು ಕಾವಲಿತ್ತು. ಕೊಕ್ಕೆಯನ್ನು ಖಂಡಿಸುವವನು ಆ ಕಾವಲಿಗೆ ತನ್ನಿಂದ ಏನನ್ನು ಕೊಟ್ಟಿದ್ದಾನೆ? ಪರ್ವದ ಉಪವಾಸದಂದು ಉಳಿದ ಒಂದು ಊಟದ ಬೆಲೆಯನ್ನು ಜಲಚರಗಳ ರಕ್ಷಣೆಗೆ ಮೀಸಲಿಟ್ಟರೆ, ಮೃಗಸೇನನ ಹಾದಿಯಲ್ಲಿ ಒಂದು ಹೆಜ್ಜೆ ಇಟ್ಟಂತಾದೀತು.