ಉನ್ಮಾದವೂ ಹೊಣೆಗಾರಿಕೆಯೂ

ದೇಹವೆಂಬ ರಥಕ್ಕೆ ಬುದ್ಧಿಯು ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆಗಳು ಎಂಬುದು ಕಠೋಪನಿಷತ್ತಿನ ಪ್ರಸಿದ್ಧವಾದ ರೂಪಕ. ಕುದುರೆ ಬೆದರಿದರೆ ಸಾರಥಿಯು ತಡೆಯಬಲ್ಲನು. ಆದರೆ ಸಾರಥಿಯೇ ವೇಗದ ಅಮಲಿಗೆ ಸಿಕ್ಕಿ, ರಥವು ಇಷ್ಟು ಚೆನ್ನಾಗಿ ಎಂದೂ ಓಡಿರಲಿಲ್ಲವೆಂದು ನಂಬಿದರೆ, ಆಗ ಒದಗುವ ಅನಾಹುತಕ್ಕೆ ಹೊಣೆ ಯಾರು?

ಉನ್ಮಾದ ವಿಷಾದಗಳು ಸರದಿಯಾಗಿ ಬಂದು ಹೋಗುವುದನ್ನು ಜರ್ಮನಿಯ ವೈದ್ಯನಾದ ಎಮಿಲ್ ಕ್ರೆಪೆಲಿನ್ 1899ರಲ್ಲಿ ಒಂದೇ ವ್ಯಾಧಿಯೆಂದು ವಿಂಗಡಿಸಿದನು. ಈಗ ಅದಕ್ಕೆ ಬೈಪೋಲಾರ್ ಎಂಬ ಹೆಸರು ರೂಢಿಯಲ್ಲಿದೆ. ಉನ್ಮಾದವನ್ನು ಜನರು ಹರ್ಷದ ಅತಿರೇಕವೆಂದಷ್ಟೇ ಬಗೆಯುವರು. ಅದು ಬುದ್ಧಿಯ ವ್ಯಾಪಾರವನ್ನೂ ಕದಡುವುದೆಂಬುದನ್ನು ಬಲ್ಲವರು ವಿರಳ. ಒಂದು ಯೋಚನೆ ಮುಗಿಯುವ ಮುನ್ನವೇ ಮತ್ತೊಂದು ಅದನ್ನು ನೂಕಿಕೊಂಡು ಬರುವುದು. ಗಮನವು ಬೀದಿಯ ಸದ್ದಿಗೂ ಗೋಡೆಯ ಪಟಕ್ಕೂ ಹಾರುವುದು. ಕೈಗೊಂಡ ಕಾರ್ಯದ ಎಳೆಯನ್ನು ಹಿಡಿದಿಡುವ ಶಕ್ತಿಯೂ, ನಾಲಗೆಗೆ ಬಂದುದನ್ನು ತಡೆಯುವ ಶಕ್ತಿಯೂ ಕುಂದುವುವು. ಲಾಭವು ಹಿರಿದಾಗಿ ತೋರಿ ನಷ್ಟವು ಮರೆಯಾಗುವುದು. ಎಲ್ಲಕ್ಕಿಂತ ಕಠಿನವಾದುದೆಂದರೆ, ಬುದ್ಧಿ ಕುಂದಿದೆಯೆಂದು ಅರಿಯಬೇಕಾದುದೂ ಆ ಬುದ್ಧಿಯೇ. ಕೆಟ್ಟ ತಕ್ಕಡಿಯು ತನ್ನ ಕೊರತೆಯನ್ನು ತಾನೇ ತೂಗಲಾರದು.

ಇಂಥ ಹೊತ್ತಿನಲ್ಲಿ ಗೃಹಸ್ಥನೊಬ್ಬನು ಮಗಳ ಓದಿಗೆಂದು ಕೂಡಿಟ್ಟ ಹಣವನ್ನು ಮೂರೇ ದಿನಗಳಲ್ಲಿ ಯಾವುದೋ ವ್ಯಾಪಾರಕ್ಕೆ ಸುರಿದು, ಬೇಡವೆಂದ ಹೆಂಡತಿಯನ್ನು ನಾಲ್ವರೆದುರು ನಿಂದಿಸಿದನೆಂದು ಭಾವಿಸಬಹುದು. ಬೇಕೆಂದೇ ಮಾಡಿದನೆಂದು ಒಬ್ಬರು ಹೇಳುವರು. ಮಾಡಿಸಿದುದು ರೋಗ, ಅವನಿಗೂ ಅದಕ್ಕೂ ಸಂಬಂಧವಿಲ್ಲವೆಂದು ಮತ್ತೊಬ್ಬರು. ಮೊದಲನೆಯ ಮಾತು ಕ್ರೂರ. ಎರಡನೆಯದು ದಯೆಯಂತೆ ಕಂಡರೂ ಅದರಲ್ಲೊಂದು ಅಪಾಯವಿದೆ. ಇಂದು ಅವನ ತಪ್ಪನ್ನು ರೋಗದ ಲೆಕ್ಕಕ್ಕೆ ಬರೆದವರು, ನಾಳೆ ಅವನು ಸ್ವಸ್ಥನಾಗಿ ನ್ಯಾಯವಾದ ಮಾತನ್ನಾಡಿದಾಗ ಅದನ್ನೂ ರೋಗದ ಲೆಕ್ಕಕ್ಕೇ ಬರೆಯುವರು.

ಭಾರತದ 1872ರ ಕರಾರು ಕಾಯಿದೆಯು ಈ ವಿಷಯದಲ್ಲಿ ಸೂಕ್ಷ್ಮವಾದ ವಿವೇಕವನ್ನು ತೋರಿದೆ. ಆಗಾಗ ಚಿತ್ತಸ್ವಾಸ್ಥ್ಯ ತಪ್ಪುವವನು ತಪ್ಪಿದ ಹೊತ್ತಿನಲ್ಲಿ ಕರಾರು ಮಾಡಲಾಗದು. ಸಾಮಾನ್ಯವಾಗಿ ಅಸ್ವಸ್ಥನಾಗಿರುವವನೂ ನೆಟ್ಟಗಿರುವ ಹೊತ್ತಿನಲ್ಲಿ ಮಾಡಬಹುದು. ಅಂದರೆ ಅಳೆಯಬೇಕಾದುದು ಆ ಹೊತ್ತನ್ನೇ ಹೊರತು ಮನುಷ್ಯನನ್ನಲ್ಲ.

ನೀತಿಯೂ ಇದೇ ದಾರಿಯನ್ನು ಹಿಡಿಯಬೇಕು. ಉನ್ಮಾದದ ಹೊತ್ತಿನ ಕೃತ್ಯಕ್ಕೆ ನಿಂದೆ ಸಲ್ಲದು. ಆದರೆ ಶಾಂತಿಯ ಹೊತ್ತಿಗೆ ಕರ್ತವ್ಯವುಂಟು. ದೋಷವು ತನ್ನದಲ್ಲದಿದ್ದರೂ ಗಾಯಮಾಡಿದ ಮಾತು ತನ್ನ ಬಾಯಿಂದ ಬಂದುದರಿಂದ, ಹೆಂಡತಿಯ ಎದುರು ಕುಳಿತು ಆ ನೋವನ್ನು ಒಪ್ಪಿಕೊಳ್ಳುವುದು ಅವನಿಗೆ ಶೋಭೆ. ಔಷಧವನ್ನು ಬಿಡದಿರುವುದೂ, ಮುಂದೆ ವೇಗವೇರಿದರೆ ಹಣದ ಕೀಲಿಕೈ ಯಾರ ವಶದಲ್ಲಿರಬೇಕೆಂದು ಮೊದಲೇ ಹೇಳಿಡುವುದೂ ಅವನ ಧರ್ಮ. ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಕೊಟ್ಟಿದೆ.

ಮನೆಯವರಿಗೂ ಎರಡು ಕರ್ತವ್ಯಗಳಿವೆ. ಬಿರುಗಾಳಿಯ ಹೊತ್ತಿನಲ್ಲಿ ಅವನ ಶಾಂತಿಯ ಮಾತನ್ನು ನಡೆಸಿಕೊಡುವುದು ಮೊದಲನೆಯದು. ಗಾಳಿ ನಿಂತೊಡನೆ ಲಗಾಮನ್ನು ಮರಳಿ ಅವನ ಕೈಗೇ ಕೊಡುವುದು ಎರಡನೆಯದು, ಕಠಿನವಾದುದೂ ಅದೇ.