ಕ್ಷುಧಾರೂಪಿಣಿಯ ನೈವೇದ್ಯ

ನವರಾತ್ರಿಯ ಒಂಬತ್ತು ದಿನಗಳಲ್ಲಿ ಆಸ್ತಿಕರ ಮನೆಗಳಲ್ಲಿ ದೇವೀಮಾಹಾತ್ಮ್ಯೆಯ ಪಾರಾಯಣ ನಡೆಯುವುದು ವಾಡಿಕೆ. ಸಂಸ್ಕೃತದ ಅಭ್ಯಾಸವಿಲ್ಲದವರು ಚಿದಾನಂದಾವಧೂತರ ಕನ್ನಡ ಷಟ್ಪದಿಗಳನ್ನು ಓದಿ ಧನ್ಯರಾಗುತ್ತಾರೆ. ಊರಿನ ವಿಶಾಲವಾದ ದೇವರ ಕೋಣೆಯನ್ನು ಬಿಟ್ಟು ಮುಂಬಯಿಯ ಚಾಳಿನ ಒಂದೇ ಕೋಣೆಗೆ ಬಂದು ನೆಲಸಿದವರೂ ಗೋಡೆಗೆ ಹೊಡೆದ ಹಲಗೆಯ ಮೇಲೆ ಕಲಶವನ್ನಿಟ್ಟು, ಮೊದಲ ಲೋಕಲ್ ಗಾಡಿ ಹಿಡಿಯುವ ಮುನ್ನ ಒಂದು ಅಧ್ಯಾಯವನ್ನಾದರೂ ಓದಿ ಮುಗಿಸುತ್ತಾರೆ.

ಆ ಗ್ರಂಥದ ಐದನೆಯ ಅಧ್ಯಾಯದಲ್ಲಿ, ಶುಂಭ ನಿಶುಂಭರಿಂದ ಪದವಿಗಳನ್ನು ಕಳೆದುಕೊಂಡ ದೇವತೆಗಳು ಹಿಮವತ್ಪರ್ವತಕ್ಕೆ ಹೋಗಿ ದೇವಿಯನ್ನು ಸ್ತುತಿಸುವ ಪ್ರಸಂಗವಿದೆ. ಸಕಲ ಜೀವಿಗಳಲ್ಲಿ ಆಕೆ ಯಾವ ಯಾವ ರೂಪದಿಂದ ನೆಲಸಿರುವಳೆಂಬುದನ್ನು ಅವರು ಒಂದೊಂದಾಗಿ ಎಣಿಸುತ್ತಾರೆ. ಚೇತನ, ಬುದ್ಧಿ, ನಿದ್ರೆ ಎಂದು ಹೇಳಿದ ಮರುಕ್ಷಣವೇ ಅವರ ಬಾಯಿಂದ ಬರುವ ಹೆಸರು ಕ್ಷುಧೆ. ಪಾರಾಯಣದ ವೇಗದಲ್ಲಿ ಈ ಶಬ್ದ ನಾಲಗೆಯ ಮೇಲೆ ಜಾರಿಹೋಗುತ್ತದೆ. ನಿಂತು ನೋಡಿದವರಿಗೆ ಮಾತ್ರ ಬೆರಗಾಗುತ್ತದೆ. ಬುದ್ಧಿಯಲ್ಲಿ ದೇವಿಯಿದ್ದಾಳೆಂದರೆ ಯಾರೂ ಒಪ್ಪುವರು. ಶಾಂತಿಯಲ್ಲಿ, ಶ್ರದ್ಧೆಯಲ್ಲಿ, ಕಾಂತಿಯಲ್ಲಿ ಇದ್ದಾಳೆಂದರೂ ಒಪ್ಪುವರು. ಹಸಿವಿನಲ್ಲಿ? ಉಂಡವನು ತನ್ನ ಹಸಿವನ್ನು ಮರೆಯುತ್ತಾನೆ, ಪರರ ಹಸಿವನ್ನು ಅವರ ಕರ್ಮವೆನ್ನುತ್ತಾನೆ. ದೇವತೆಗಳು ಹಾಗೆನ್ನಲಿಲ್ಲ. ಆಗತಾನೆ ಹವಿರ್ಭಾಗವನ್ನು ಕಳೆದುಕೊಂಡಿದ್ದ ಅವರಿಗೆ ಹಸಿವಿನ ಪರಿಚಯ ಹೊಸದಾಗಿ ಆಗಿದ್ದಿರಬೇಕು!

ಆ ಸ್ತುತಿಯ ಕೊನೆಯ ಭಾಗದಲ್ಲಿ ದಯೆ, ತುಷ್ಟಿ, ಮಾತೃ ಎಂಬ ಮೂರು ರೂಪಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಹಸಿವು ಮೊದಲೇ ಬಂದಿತ್ತು. ದಯೆ ಬರುವುದು ಬಹಳ ತಡವಾಗಿ. ದಯೆ ಬಂದ ಮೇಲೆ ತೃಪ್ತಿ, ತೃಪ್ತಿಯಾದ ಮೇಲೆ ತಾಯಿ. ಈ ಅನುಕ್ರಮ ಆಕಸ್ಮಿಕವಿರಬಹುದು. ಆದರೆ ಭಕ್ತನ ಕಣ್ಣಿಗೆ ಅದು ಹಾಗೆ ಕಾಣುವುದಿಲ್ಲ.

ಈ ವಿಚಾರವನ್ನು ದಸರೆಯ ಸಂದರ್ಭದಲ್ಲಿ ಎತ್ತುವುದಕ್ಕೆ ಕಾರಣವಿದೆ. ದಸರೆಯೆಂದರೆ ಮಕ್ಕಳಿಗೆ ರಜೆ. ಕರ್ನಾಟಕದ ಶಾಲೆಗಳಿಗೆ ಇದೇ ಕಾಲದಲ್ಲಿ ಮಧ್ಯಂತರ ರಜೆ. ಮುಂಬಯಿಯಲ್ಲಿ ಅದು ದೀಪಾವಳಿಯೊಡನೆ ಬರುತ್ತದೆ, ಬಳಿಕ ಮೇ ತಿಂಗಳಿನಿಂದ ಜೂನ್ ಮಧ್ಯದವರೆಗೆ ಬೇಸಿಗೆಯ ರಜೆ. ರಜೆಯೆಂಬ ಶಬ್ದ ಕಿವಿಗೆ ಬಿದ್ದೊಡನೆ ಉಳ್ಳವರ ಮಕ್ಕಳ ಮುಖ ಅರಳುತ್ತದೆ. ಕೊಂಕಣ ರೈಲಿನಲ್ಲಿ ಊರಿಗೆ ಪಯಣ, ಅಜ್ಜಿಯ ಮನೆ, ಹಲಸು, ಮಾವು. ಬಡವರ ಮಗುವಿಗೆ ರಜೆಯೆಂದರೆ ಮಧ್ಯಾಹ್ನದ ಊಟ ನಿಂತಿತೆಂದು ಅರ್ಥ. ಇದು ಅಲಂಕಾರದ ಮಾತಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಐದನೆಯ ಕಲಮು ಆರರಿಂದ ಹದಿನಾಲ್ಕು ವರ್ಷದ ಶಾಲಾಮಕ್ಕಳಿಗೆ ಪ್ರತಿದಿನ ಉಚಿತ ಊಟವನ್ನು ಹಕ್ಕಾಗಿ ವಿಧಿಸಿದೆ. ಅದೇ ವಾಕ್ಯದಲ್ಲಿ ಶಾಲಾ ರಜಾದಿನಗಳನ್ನು ಹೊರತುಪಡಿಸಿದೆ. ಕಾಯಿದೆಯನ್ನು ಹಳಿದು ಪ್ರಯೋಜನವಿಲ್ಲ. ಒಂದು ರಾಷ್ಟ್ರ ತನ್ನ ಮಕ್ಕಳಿಗೆ ಅನ್ನವನ್ನು ಹಕ್ಕೆಂದು ಬರೆದುಕೊಟ್ಟದ್ದೇ ದೊಡ್ಡ ಪುಣ್ಯ. ಆದರೆ ಶಾಲೆಗೆ ಬೀಗ ಬಿದ್ದ ದಿನ ಹೊಟ್ಟೆಗೂ ಬೀಗ ಬೀಳುವುದಿಲ್ಲ.

ಲೆಕ್ಕ ಬಲ್ಲವರು ಲೆಕ್ಕ ಹಾಕಿ ನೋಡಬಹುದು. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಪಾಠ ನಡೆಯಬೇಕು. ಅಷ್ಟೇ ನಡೆಯಿತೆಂದಿಟ್ಟುಕೊಂಡರೆ ಉಳಿಯುವುದು 165 ದಿನ. ಪ್ರಾಥಮಿಕ ಶಾಲೆಯ ಮಗುವಿನ ಒಂದು ಊಟಕ್ಕೆ ಸರಕಾರ ಗೊತ್ತುಪಡಿಸಿದ ಪ್ರಮಾಣ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಹಾಗಾದರೆ ಪಾಠವಿಲ್ಲದ ಅಷ್ಟೂ ದಿನಗಳಿಗೆ ಒಂದು ಮಗುವಿನ ಬಾಕಿ ಹದಿನಾರೂವರೆ ಕಿಲೋ ಅಕ್ಕಿ, ಮೂರು ಕಿಲೋ ಮುನ್ನೂರು ಗ್ರಾಂ ಬೇಳೆ. ಜಮಾ ಖರ್ಚಿನ ಪುಸ್ತಕದಲ್ಲಿ ಇಂಥ ಸಣ್ಣ ಬಾಕಿಯನ್ನು ವರ್ಷಾನುಗಟ್ಟಲೆ ಮುಂದೆಳೆದುಕೊಂಡು ಹೋಗುವುದಕ್ಕೆ ಯಾವ ಗುಮಾಸ್ತನೂ ಒಪ್ಪಲಾರ.

ಸರಸ್ವತೀ ಪೂಜೆಯ ವಿಧಾನವನ್ನು ಇಲ್ಲಿ ಸ್ಮರಿಸಬೇಕು. ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನು ಮಣೆಯ ಮೇಲಿಟ್ಟು ಶಾರದೆಯನ್ನು ಆವಾಹಿಸುತ್ತಾರೆ. ವಿಜಯದಶಮಿಯವರೆಗೆ ಆ ಪುಸ್ತಕಗಳನ್ನು ಯಾರೂ ತೆರೆಯುವಂತಿಲ್ಲ. ವಿದ್ಯೆಯ ಅಧಿದೇವತೆಯೇ ವಿದ್ಯೆಗೆ ಕೊಟ್ಟ ರಜೆ ಅದು. ಓದು ನಿಂತಿತು, ನೈವೇದ್ಯ ನಿಂತಿತೇ? ಇಲ್ಲ. ಮುಚ್ಚಿದ ಪುಸ್ತಕಗಳ ಮುಂದೆ ಹೊತ್ತುಹೊತ್ತಿಗೆ ಅನ್ನ, ಪಾಯಸ, ಕೋಸಂಬರಿಗಳ ಸಮರ್ಪಣೆ ನಡೆದೇ ಇರುತ್ತದೆ. ಪಾಠವಿಲ್ಲದ ದಿನಗಳಲ್ಲಿ ಶಾರದೆಗೆ ಊಟವುಂಟು. ಅವಳ ವಿದ್ಯಾರ್ಥಿಗೆ ಇಲ್ಲವೆಂದರೆ ಪೂಜೆಯಲ್ಲಿ ಎಲ್ಲೋ ಲೋಪವಾಗಿದೆ.

ಕುಮಾರೀಪೂಜೆಯ ಮಾತೂ ಅಂಥದೇ. ದೇವೀಭಾಗವತದ ಮೂರನೆಯ ಸ್ಕಂಧ ಎರಡರಿಂದ ಹತ್ತು ವರ್ಷದವರೆಗಿನ ಕನ್ಯೆಯರನ್ನು ಒಂಬತ್ತು ಹೆಸರುಗಳಿಂದ ಪೂಜಿಸಿ ಭೋಜನ ಮಾಡಿಸಬೇಕೆಂದು ಹೇಳುತ್ತದೆ. ಕುಮಾರಿಕೆಯಿಂದ ಮೊದಲ್ಗೊಂಡು ತ್ರಿಮೂರ್ತಿ, ಕಲ್ಯಾಣಿ, ರೋಹಿಣಿಯರನ್ನು ದಾಟಿ ಸುಭದ್ರೆಯವರೆಗೆ. ಇದು ಅಂಗನವಾಡಿಯಿಂದ ನಾಲ್ಕನೆಯ ಐದನೆಯ ಇಯತ್ತೆಯವರೆಗಿನ ವಯಸ್ಸು. ಆ ಬಾಲಿಕೆಯರ ಕಾಲು ತೊಳೆದು, ಅರಿಶಿನ ಕುಂಕುಮವಿಟ್ಟು, ಎಲೆ ಹಾಕಿ ಬಡಿಸುವವರು ದಶಮಿ ಕಳೆದ ಮೇಲೆ ಅವರಲ್ಲಿದ್ದ ದೇವಿ ಎಲ್ಲಿಗೆ ಹೋದಳೆಂದು ಕೇಳಿಕೊಳ್ಳುವುದಿಲ್ಲ.

ಮುಂಬಯಿಯ ಕಟ್ಟಡಗಳ ಅಡಿಪಾಯದಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಗುಳೆ ಬಂದ ಕುಟುಂಬಗಳ ಬೆವರು ಸೇರಿದೆ. ಬೆಳಗ್ಗೆ ನಾಕಾದಲ್ಲಿ ನಿಂತು, ಕೂಲಿ ಸಿಕ್ಕಿದರೆ ಹೋಗಿ, ಸಿಗದಿದ್ದರೆ ಹಿಂದಿರುಗುವವರು ಅವರು. ಸುಪ್ರೀಂ ಕೋರ್ಟು 2004ರ ಏಪ್ರಿಲಿನಲ್ಲಿ, ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆಯ ರಜೆಯಲ್ಲಿಯೂ ಮಕ್ಕಳಿಗೆ ಮಧ್ಯಾಹ್ನದ ಊಟ ಕೊಡಬೇಕೆಂದು ಆದೇಶಿಸಿತು. 2024ರ ಬೇಸಿಗೆಯಲ್ಲಿ ಕರ್ನಾಟಕ ಸರಕಾರ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಬಿಸಿಯೂಟವನ್ನು ಮುಂದುವರಿಸಿತು. ಬರದಿಂದ ತತ್ತರಿಸಿದ ಹಳ್ಳಿಯಲ್ಲೇ ಉಳಿದ ಮಗುವಿಗೆ ಹೀಗೆ ಎಲೆಯ ಮೇಲೆ ಅನ್ನ ಬಿದ್ದಿತು. ಅದೇ ಬರದಿಂದ ಹೊಟ್ಟೆಪಾಡಿಗಾಗಿ ತಂದೆತಾಯಿಯೊಡನೆ ಮುಂಬಯಿಗೆ ಬಂದ ಮಗುವಿಗೆ ಆ ಅನ್ನವೂ ದೂರವಾಯಿತು. ಮುಂಬಯಿಯಲ್ಲಿ ಬರದ ಘೋಷಣೆಯಾಗುವುದಿಲ್ಲವಷ್ಟೆ! ತಾಯಿ ಇಟ್ಟಿಗೆ ಹೊರಲು ಹೋದರೆ, ಎಂಟು ವರ್ಷದ ಅಕ್ಕ ಎರಡು ವರ್ಷದ ತಮ್ಮನನ್ನು ಕಂಕುಳಲ್ಲಿಟ್ಟು ಪತ್ರೆಯ ಶೆಡ್ಡಿನ ನೆರಳಿನಲ್ಲಿ ಸಂಜೆಯನ್ನು ಕಾಯುತ್ತಾಳೆ. ಶಾಲೆಯಿದ್ದ ದಿನ ಅವಳಿಗೊಂದು ತಟ್ಟೆ ಖಿಚಡಿಯಾದರೂ ಇತ್ತು. ಇಂಥ ಕಟ್ಟಡದ ಕೆಲಸದ ಸ್ಥಳಗಳಲ್ಲೇ ಶಿಶುವಿಹಾರ ತೆರೆದು, ಅನ್ನ, ಆಟ, ಅಕ್ಷರಗಳನ್ನು ಒಟ್ಟಿಗೆ ಕೊಡುವ ಮೊಬೈಲ್ ಕ್ರೆಶ್ ಸಂಸ್ಥೆಯ ಕೆಲಸ ಈ ನಗರದಲ್ಲಿ 1972ರಲ್ಲಿ ಮೊದಲಾಯಿತು. ಆ ಮಹಿಳೆಯರು ದಾಸೋಹವೆಂಬ ಶಬ್ದವನ್ನು ಕೇಳಿದ್ದರೋ ಇಲ್ಲವೋ, ಮಾಡಿದ್ದು ಮಾತ್ರ ಅದನ್ನೇ.

ಹೊರದೇಶಗಳಲ್ಲಿಯೂ ಈ ಸಮಸ್ಯೆಯಿದೆ. ಸಂಪನ್ನವಾದ ಇಂಗ್ಲೆಂಡಿನಲ್ಲಿ 2020ರಲ್ಲಿ ಮಾರ್ಕಸ್ ರ‍್ಯಾಷ್‌ಫೋರ್ಡ್ ಎಂಬ ತರುಣ ಕಾಲ್ಚೆಂಡಾಟಗಾರ, ಬಾಲ್ಯದಲ್ಲಿ ತಾನೇ ಶಾಲೆಯ ಉಚಿತ ಊಟ ಉಂಡವನು, ರಜೆಯಲ್ಲಿ ಬಡಮಕ್ಕಳು ಹಸಿದಿರಬಾರದೆಂದು ಸರಕಾರದೊಡನೆ ವಾದಿಸಿ ಗೆದ್ದ. ಮರುವರ್ಷದಿಂದ ಅಲ್ಲಿ ರಜೆಯ ಊಟದೊಡನೆ ಆಟಪಾಠಗಳನ್ನೂ ಸೇರಿಸಿದ ಯೋಜನೆ ದೇಶವ್ಯಾಪಿಯಾಯಿತು. ಊಟದೊಡನೆ ಆಟ ಎಂಬ ಕಲ್ಪನೆ ಕನ್ನಡಿಗರಿಗೆ ಹೊಸದೇನೂ ಅಲ್ಲ. ಹಿಂದೆ ಮಹಾನವಮಿಯ ದಿನಗಳಲ್ಲಿ ಕೂಲಿಮಠದ ಐಗಳು ಮಕ್ಕಳ ಗುಂಪನ್ನು ಕಟ್ಟಿಕೊಂಡು ಮನೆಮನೆಗೆ ಹೋಗಿ ಚೌಪದ ಹಾಡಿಸುತ್ತಿದ್ದರು. ಹಾಡಿದ ಮಕ್ಕಳ ಕೈಗೆ ತಿಂಡಿ, ಐಗಳ ಜೋಳಿಗೆಗೆ ದಕ್ಷಿಣೆ. ಧರ್ಮಸ್ಥಳದ ಚತುರ್ವಿಧ ದಾನಗಳಲ್ಲಿ ಅನ್ನ ಮತ್ತು ವಿದ್ಯೆ ಅಕ್ಕಪಕ್ಕದಲ್ಲಿ ನಿಂತಿವೆ. ಸಿದ್ಧಗಂಗೆಯ ತ್ರಿವಿಧ ದಾಸೋಹದಲ್ಲಿ ಅನ್ನ, ಅಕ್ಷರ, ಆಶ್ರಯ. ಆ ಮಠದ ಶ್ರೀ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ಶಿವೈಕ್ಯರಾದಾಗ, ಮಕ್ಕಳ ಊಟ ಮುಗಿಯುವವರೆಗೆ ಸುದ್ದಿಯನ್ನು ತಿಳಿಸಬಾರದೆಂಬುದು ಅವರ ಇಚ್ಛೆಯಾಗಿತ್ತೆಂದು ಪತ್ರಿಕೆಗಳು ವರದಿ ಮಾಡಿದವು. ಮರಣಕ್ಕಿಂತ ಮಕ್ಕಳ ತಟ್ಟೆ ದೊಡ್ಡದೆಂದು ತಿಳಿದವರು ಅವರು.

ತೈತ್ತಿರೀಯದ ಭೃಗುವಲ್ಲಿಯ ಕಥೆಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಭೃಗು ತಂದೆಯಾದ ವರುಣನ ಬಳಿಗೆ ಹೋಗಿ ಬ್ರಹ್ಮವನ್ನು ತಿಳಿಸೆಂದು ಕೇಳುತ್ತಾನೆ. ತಪಸ್ಸು ಮಾಡಿ ಮೊದಲು ಅನ್ನವನ್ನೇ ಬ್ರಹ್ಮವೆಂದರಿಯುತ್ತಾನೆ. ಪ್ರಾಣ, ಮನಸ್ಸು, ವಿಜ್ಞಾನಗಳನ್ನು ದಾಟಿ ಕೊನೆಗೆ ಆನಂದವನ್ನು ಮುಟ್ಟುತ್ತಾನೆ. ಅಲ್ಲಿಗೆ ಉಪದೇಶ ಮುಗಿಯಬೇಕಾಗಿತ್ತಲ್ಲವೆ? ಋಷಿ ಮುಗಿಸುವುದಿಲ್ಲ. ಆನಂದದ ಶಿಖರದಿಂದ ಇಳಿದುಬಂದು ಮತ್ತೆ ಅಡಿಗೆಮನೆಯ ಮಾತಾಡುತ್ತಾನೆ: ಅನ್ನವನ್ನು ನಿಂದಿಸಬೇಡ, ಚೆಲ್ಲಬೇಡ, ಹೆಚ್ಚಿಸು, ಬಂದವರನ್ನು ಹಿಂದಕ್ಕೆ ಕಳುಹಿಸಬೇಡ ಎಂದು. ಬ್ರಹ್ಮಜ್ಞಾನವಾದ ಮೇಲೆ ಮಾಡಬೇಕಾದ ವ್ರತಗಳು ಇವು.

ಮುಂಬಯಿ ಕನ್ನಡಿಗರು ಈ ವ್ರತವನ್ನು ಒಮ್ಮೆ ಪಾಲಿಸಿದವರೇ. ಘಟ್ಟದ ಕೆಳಗಿನ ಹಳ್ಳಿಗಳಿಂದ ಹತ್ತು ಹನ್ನೆರಡರ ಹುಡುಗರು ಹಡಗು ಹತ್ತಿ ಈ ನಗರಕ್ಕೆ ಬಂದಾಗ ಅವರಿಗೆ ಅನ್ನ ಸಿಕ್ಕಿದ್ದು ಉಡುಪಿ ಹೋಟೆಲುಗಳ ಅಡಿಗೆಮನೆಯಲ್ಲಿ, ಅಕ್ಷರ ಸಿಕ್ಕಿದ್ದು ರಾತ್ರಿಶಾಲೆಗಳಲ್ಲಿ. ಮೊಗವೀರ ರಾತ್ರಿ ಪ್ರೌಢಶಾಲೆ, ಗುರುನಾರಾಯಣ ರಾತ್ರಿ ಪ್ರೌಢಶಾಲೆಗಳ ಹೆಸರನ್ನು ಹಿರಿಯರು ಇಂದಿಗೂ ಕೈಮುಗಿದು ನೆನೆಯುತ್ತಾರೆ. ಹಗಲು ಮೇಜು ಒರೆಸಿ ರಾತ್ರಿ ಬೀಜಗಣಿತ ಕಲಿತವರು ಮುಂದೆ ವಕೀಲರಾದರು, ಬ್ಯಾಂಕು ಸೇರಿದರು, ಸ್ವಂತ ಹೋಟೆಲು ತೆರೆದರು. ಅವರ ಮೊಮ್ಮಕ್ಕಳು ಬೇಸಿಗೆಯಲ್ಲಿ ಸಾವಿರಾರು ರೂಪಾಯಿಯ ಶಿಬಿರಗಳಿಗೆ ಹೋಗಿ ಈಜು, ಚಿತ್ರಕಲೆ ಕಲಿಯುತ್ತಾರೆ. ಅದೇನೂ ತಪ್ಪಲ್ಲ. ಆದರೆ ಮಹಾನಗರಪಾಲಿಕೆ ಶಾಲೆ ನಡೆಸುವ ಎಂಟು ಮಾಧ್ಯಮಗಳಲ್ಲಿ ಕನ್ನಡವೂ ಒಂದು. ಅಲ್ಲಿನ ಬೆಂಚುಗಳ ಮೇಲೆ ಕೂತ ಮಕ್ಕಳು ಯಾರವರೆಂದು ಸಂಘದ ವಾರ್ಷಿಕ ಸಭೆಯಲ್ಲಿ ಕೇಳಿದರೆ ಕ್ಷಣಕಾಲ ಮೌನ ಆವರಿಸುತ್ತದೆ.

ಮಾಡುವುದಾದರೆ ಮಾಡಬೇಕಾದದ್ದು ಅಂಥ ಭಾರಿಯದೇನೂ ಅಲ್ಲ. ಐವತ್ತು ಮಕ್ಕಳು, ನಲವತ್ತು ದಿನ. ಸರಕಾರದ ಪ್ರಮಾಣದಲ್ಲಿಯೇ ಹಿಡಿದರೆ ಬೇಕಾಗುವುದು ಎರಡು ಕ್ವಿಂಟಲ್ ಅಕ್ಕಿ, ನಲವತ್ತು ಕಿಲೋ ಬೇಳೆ, ನೂರು ಕಿಲೋ ತರಕಾರಿ, ಹತ್ತು ಕಿಲೋ ಎಣ್ಣೆ. ದೊಡ್ಡ ಸಂಘವೊಂದು ನವರಾತ್ರಿಯ ಅನ್ನಸಂತರ್ಪಣೆಯಲ್ಲಿ ಒಂದೆರಡು ದಿನಗಳಲ್ಲಿ ಬೇಯಿಸುವ ಅಕ್ಕಿಯ ಬಾಬತ್ತು ಇದು. ಸಂತರ್ಪಣೆಗೆ ಬಂದವರಲ್ಲಿ ಹಲವರು ಮನೆಯಲ್ಲಿ ಉಂಡೇ ಬಂದಿರುತ್ತಾರೆ, ಪ್ರಸಾದವೆಂದು ಮತ್ತೊಮ್ಮೆ ಕೂರುತ್ತಾರೆ. ಭಕ್ತಿಯಲ್ಲಿ ಅದಕ್ಕೂ ಸ್ಥಾನವಿದೆ. ಮದುವೆಯಿಲ್ಲದ ದಿನಗಳಲ್ಲಿ ಸಭಾಗೃಹಗಳು ಹಗಲೆಲ್ಲ ಬೀಗ ಹಾಕಿಕೊಂಡಿರುತ್ತವೆ. ನಿವೃತ್ತ ಶಿಕ್ಷಕಿಯರಿದ್ದಾರೆ, ಭಜನಾ ಮಂಡಳಿಯ ಮಹಿಳೆಯರಿದ್ದಾರೆ, ಯಕ್ಷಗಾನದ ಹೆಜ್ಜೆ ಬಲ್ಲವರಿದ್ದಾರೆ. ಬೆಳಗ್ಗೆ ಒಂದು ಭಜನೆ, ಒಂದು ಕಥೆ, ಕೋಲಾಟ, ಕೇರಂ. ವಾರಕ್ಕೊಮ್ಮೆ ರಾಣಿಬಾಗನ್ನೋ ವರಳಿಯ ನೆಹರೂ ವಿಜ್ಞಾನ ಕೇಂದ್ರವನ್ನೋ ತೋರಿಸಿ ಬರುವುದು. ಮಧ್ಯಾಹ್ನ ಎಲೆ ಹಾಕಿ ಎಲ್ಲರೂ ಪಂಕ್ತಿಯಲ್ಲಿ ಕೂತು ಊಟ. ಸಂಘದ ಸದಸ್ಯರ ಮಕ್ಕಳೂ ಅದೇ ಪಂಕ್ತಿಯಲ್ಲಿ ಕೂರಬೇಕು. ಇಲ್ಲವಾದರೆ ಅದು ಊಟವಾಗುವುದಿಲ್ಲ, ಭಿಕ್ಷೆಯಾಗುತ್ತದೆ.

ಹೀಗೆಂದಾಗ ಒಂದು ಆಕ್ಷೇಪ ಬರುವುದುಂಟು: ಪುಕ್ಕಟೆ ಕೊಟ್ಟರೆ ತಂದೆತಾಯಿಗಳು ಸೋಮಾರಿಗಳಾಗುವರೆಂದು. ಬಿಸಿಲಿನಲ್ಲಿ ಕಾಂಕ್ರೀಟು ಹೊರುವ ತಾಯಿಯನ್ನು ನೋಡಿದವರು ಈ ಮಾತನ್ನು ಎರಡನೆಯ ಸಲ ಆಡಲಾರರು. ಇನ್ನೊಂದು ಭಯ ನಿಜವಾದದ್ದು, ಅದು ಕೊಡುವವರ ಕುರಿತಾದದ್ದು. ಆಯ್ದಕ್ಕಿ ಮಾರಯ್ಯನವರು ಕಲ್ಯಾಣದಲ್ಲಿ ಶರಣರ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮನವರು ಅದನ್ನು ಮುಟ್ಟಲಿಲ್ಲ. ದಿನದಷ್ಟನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ತೆಗೆದುಕೊಂಡ ಕಡೆಯಲ್ಲೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿಸಿದರು. ದಾಸೋಹದ ಹೆಸರಿನಲ್ಲಿಯೂ ಆಸೆ ಹೊಕ್ಕೀತೆಂಬ ಎಚ್ಚರ ಆ ತಾಯಿಯದು. ದಾನಿಗಳ ಹೆಸರಿನ ಫಲಕಕ್ಕಾಗಿ, ತಟ್ಟೆ ಹಿಡಿದ ಮಗುವಿನೊಡನೆ ತೆಗೆಸಿದ ಛಾಯಾಚಿತ್ರಕ್ಕಾಗಿ ಬೇಯಿಸಿದ ಅನ್ನವನ್ನು ಲಕ್ಕಮ್ಮನವರು ತಮ್ಮ ಮನೆಯ ಹೊಸ್ತಿಲು ದಾಟಿಸುತ್ತಿದ್ದರೇ?

ವಿಜಯದಶಮಿಯಂದು ಮಣೆಯ ಮೇಲಿನ ಪುಸ್ತಕಗಳನ್ನು ತೆಗೆದು ಮಕ್ಕಳ ಕೈಗೆ ಕೊಡುತ್ತಾರೆ. ಬನ್ನಿಯನ್ನು ಹಂಚಿಕೊಂಡು ಹಿರಿಯರ ಕಾಲಿಗೆರಗುತ್ತಾರೆ. ಅಲ್ಲಿಂದ ದೀಪಾವಳಿಯ ಅಮಾವಾಸ್ಯೆಗೆ ಇಪ್ಪತ್ತು ದಿನ. ಮುಂಬಯಿಯ ಶಾಲೆಗಳು ಮತ್ತೆ ಬಾಗಿಲು ಮುಚ್ಚುವುದು ಆಗ.