ಹುಟ್ಟದ ಬೀಜದ ಲೆಕ್ಕ

ವಾಚನಾಲಯದ ಹುಡುಗರು ಬಂದು, ಈ ಸಲದ ಪುಸ್ತಕಕ್ಕೆ ನೀವೂ ಒಂದು ಬರೀರಿ ಎಂದರು. ಹಾಡು ಅಂದ್ರ ಹಾಡತೇನಿ, ಬರಿಯೂದು ನನ್ನ ಕೆಲಸ ಅಲ್ಲ. ಕಲಿತದ್ದು ಏಳನೇತ್ತಾ. ಆದರೂ ಎರಡು ವರ್ಷದಿಂದ ತಲೆಯೊಳಗೆ ಒಂದು ಪ್ರಶ್ನೆ ಕೂತಿದೆ, ಅದನ್ನೇ ಬರೆಯುತ್ತೇನೆ. ಬೀಜ ಹಾಕಿದೆವು, ಹುಟ್ಟಲಿಲ್ಲ. ಅದು ಸತ್ತಿದೆ ಅಂತ ಹೇಳುವ ಹಕ್ಕು ಯಾರದು? ಎಷ್ಟು ದಿನ ಕಾದು ಹೇಳಬೇಕು?

ನಮ್ಮ ಜತ್ತ ತಾಲೂಕಿನವರಿಗೆ ಹೊನ್ನಾವರಿಕೆ ಗಿಡ ಹೊಸದಲ್ಲ. ಮರಾಠಿ ಮಂದಿ ತರವಡ ಅಂತಾರ. ತೆಲುಗರು ತಂಗೇಡು ಅಂತಾರ, ತೆಲಂಗಾಣದವರು ಅದನ್ನೇ ತಮ್ಮ ರಾಜ್ಯದ ಹೂವು ಮಾಡಿಕೊಂಡಿದ್ದಾರೆ. ನವರಾತ್ರಿಯಲ್ಲಿ ಮರಾಠಿ ಮನೆಗಳ ಘಟಕ್ಕೆ ಇದರ ಮಾಲೆ ಬೇಕು. ದೀಪಾವಳಿಯಲ್ಲಿ ನಮ್ಮ ಸಗಣಿ ಪಾಂಡವರ ತಲೆಯ ಮೇಲೆ ಉತ್ತರಾಣಿ ಕಡ್ಡಿಯ ಜೋಡಿ ಇದರ ಹೂವು ಬೇಕು. ಹಿಂದೆ ಚರ್ಮ ಹದ ಮಾಡುವವರು ಇದರ ತೊಗಟೆ ಒಯ್ಯುತ್ತಿದ್ದರು. ದನ ಇದಕ್ಕೆ ಬಾಯಿ ಹಾಕುವುದಿಲ್ಲ. ನೀರು ಯಾರೂ ಹಾಕುವುದಿಲ್ಲ.

1972ರ ಬರದಲ್ಲಿ ನಾನು ಏಳನೇತ್ತಾ ಮುಗಿಸಿದ್ದೆ. ಅಲ್ಲಿಗೇ ಸಾಲಿ ನಿಂತಿತು. ಅಪ್ಪ ಅವ್ವನ ಜೋಡಿ ಖಡಿ ಒಡೆಯಲು ಹೋದೆ. ಕೆಂಪು ಮಿಲೋ ಜೋಳದ ರೊಟ್ಟಿ, ಸರಕಾರ ಕೊಡುತ್ತಿದ್ದ ಸುಕಡಿ, ಅದೇ ಊಟ. ಆ ವರ್ಷ ಖಡಿ ಒಡೆಯುವ ಜಾಗದ ಸುತ್ತ ಹಸಿರು ಅಂತ ಕಂಡದ್ದು ಎಕ್ಕಿ ಮತ್ತು ಈ ಹೊನ್ನಾವರಿಕೆ. ಮಧ್ಯಾಹ್ನ ಕೂತಾಗ ಅವ್ವ ಆ ಹಳದಿ ಹೂವು ನೋಡಿ, "ಇದಕ್ಕ ಯಾರು ಉಣ್ಣಾಕ ಹಾಕ್ಯಾರ?" ಅಂತಿದ್ದಳು.

ಮೂರು ವರ್ಷದ ಹಿಂದೆ ರಸ್ತೆ ಅಗಲ ಮಾಡುವಾಗ ಊರಿಂದ ಹಳ್ಳದ ತನಕ ಎರಡೂ ಬದಿಯ ಗಿಡಗಳನ್ನು ಜೆಸಿಬಿ ಬಳಿದುಕೊಂಡು ಹೋಯಿತು. ರಸ್ತೆ ಬ್ಯಾಡಾ ಅಂತ ನಾನು ಹೇಳೂದಿಲ್ಲ, ನಾನೂ ಅದರ ಮ್ಯಾಲೆ ಹೋಗಾವ. ಆದರೆ ಆ ದೀಪಾವಳಿಗೆ ಮೊಮ್ಮಗಳು ಪಾಂಡವರ ತಲೆಗೆ ಪೇಟೆಯ ಪ್ಲಾಸ್ಟಿಕ್ ಹೂವು ಚುಚ್ಚಿದಳು. ನನಗೆ ಅದು ಸೇರಲಿಲ್ಲ.

ತಮ್ಮನ ಮಗ ಶೇಡ್ ನೆಟ್ ಹಾಕಿ ಮೆಣಸಿನಕಾಯಿ, ಟೊಮೇಟೊ, ಚೆಂಡು ಹೂವಿನ ಸಸಿ ಮಾಡಿ ಮಾರುತ್ತಾನೆ. ಅವನಲ್ಲಿ ಒಂದು ಮೂಲೆ ಕೇಳಿಕೊಂಡೆ. ಬೀಜಕ್ಕೆ ಹಳ್ಳದ ಆಚೆ ದಿನ್ನೆಗೆ ಹೋದೆ. ಒಣಗಿದ ಕಾಯಿ ಕಾಗದದಂತೆ ಚಪ್ಪಟೆ, ಒಂದೊಂದರಲ್ಲಿ ಹತ್ತು ಹದಿನೈದು ಬೀಜ. ಚೀಲ ತುಂಬ ಹರಿಯಬಹುದಿತ್ತು, ಕೇಳುವವರಿಲ್ಲ. ಆಗ ಹಕ್ಕಲದ ನೆನಪಾಯಿತು. ಸುಗ್ಗಿಯಲ್ಲಿ ಹೊಲದಲ್ಲಿ ಬಿದ್ದ ತೆನೆ ಒಡೆಯನದಲ್ಲ, ಹಕ್ಕಿಯದು, ಇಲ್ಲದವರದು. ಇಲ್ಲಿ ಇಡೀ ಬೆಳೆಯೇ ದಿನ್ನೆಯದು, ಹಕ್ಕಲ ಆರಿಸಲು ಬಂದವನು ನಾನು. ಹಂಗಂದುಕೊಂಡು ಒಂದು ಗಿಡಕ್ಕೆ ಎರಡೇ ಕಾಯಿ ಹರಿದು, ಮೂವತ್ತು ಗಿಡ ತಿರುಗಿದೆ. ಮೊಣಕಾಲು ನೋಯಿತು, ಅದು ಬೇರೆ ಮಾತು.

ಮೊದಲ ವರ್ಷ ಬೀಜವನ್ನು ಒಲೆಯ ಮೇಲಿನ ಕುದಿಯುವ ನೀರಿಗೆ ಹಾಕಿ ಬೇಯಿಸಿಬಿಟ್ಟೆ. ಒಂದೂ ಏಳಲಿಲ್ಲ. ಈ ಬೀಜದ ಸಿಪ್ಪೆ ಗಟ್ಟಿ, ನೀರು ಒಳಗೆ ಬಿಡುವುದಿಲ್ಲ ಎಂದು ಹೇಳಿದ್ದು ಕೇಳಿ ನಾನು ಅತಿ ಮಾಡಿದ್ದೆ. ಎರಡನೇ ವರ್ಷ ಮರಳಿನ ಜೋಡಿ ಕಲ್ಲಿನ ಮೇಲೆ ಮೆಲ್ಲಗೆ ತಿಕ್ಕಿ, ಒಂದು ರಾತ್ರಿ ತಣ್ಣೀರಲ್ಲಿ ನೆನೆಸಿ, 98 ಕುಣಿಯ ಟ್ರೇದಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಹಾಕಿದೆ. ಅದರ ಮಗ್ಗುಲಿಗೆ ತುಂಬಿ, ಅಣ್ಣೆ ಹೂವಿನ ಬೀಜವನ್ನೂ ಉದುರಿಸಿದೆ. ಅವು ಸಣ್ಣವು, ಆಳಕ್ಕೆ ಹಾಕಿದರೆ ಮೇಲೆ ಬರಲಾರವು. ಮೇಲೆಯೇ ಒತ್ತಿದೆ, ಬಂದವು.

ಹೊನ್ನಾವರಿಕೆ ಹದಿನೈದು ದಿನದಲ್ಲಿ 57 ಎದ್ದವು. ತಮ್ಮನ ಮಗ ಬಂದು ನೋಡಿ, "ದೊಡ್ಡಪ್ಪಾ, ಬಾಕಿ ಸತ್ತಾವ. ಚೆಲ್ಲಿ ಟ್ರೇ ಕೊಡ್ರಿ, ಮೆಣಸಿನಕಾಯಿ ಹಾಕಬೇಕು" ಎಂದ. ಎದ್ದ ಸಸಿಗಳನ್ನು ಉದ್ದ ಚೀಲಕ್ಕೆ ಹಾಕಿದೆ, ಯಾಕಂದ್ರ ಇದರ ತಾಯಿಬೇರು ನೆಟ್ಟಗೆ ಇಳಿಯುವ ಜಾತಿ, ಟ್ರೇದಲ್ಲಿ ಸುತ್ತಿಕೊಳ್ಳುತ್ತದೆ. ಉಳಿದ ಕುಣಿಗಳ ಮಣ್ಣು ತಿಪ್ಪೆಯ ಬದಿಗೆ ಚೆಲ್ಲಿದೆ.

ಮಿರಗದ ಮಳೆ ಚೆನ್ನಾಗಿ ಬಂತು, ರಸ್ತೆಯ ಬದಿಗೆ 57ನ್ನೂ ಇಟ್ಟೆ. ಆಮೇಲೆ ಒಂದೂವರೆ ತಿಂಗಳು ಹನಿ ಇಲ್ಲ. ನೆರಳಲ್ಲಿ ದಿನಕ್ಕೆರಡು ಸಲ ನೀರು ಕುಡಿದು ಬೆಳೆದ ಕೂಸುಗಳು, ಬಿಸಿಲಿಗೆ ಸುಟ್ಟು ಹೋದವು. ಉಳಿದದ್ದು ಹನ್ನೊಂದು. ತಪ್ಪು ನನ್ನದೇ. ಕಡೆಯ ಎರಡು ವಾರ ನೆಟ್ಟಿನ ಹೊರಗೆ ಇಟ್ಟು, ನೀರು ಕಡಿಮೆ ಮಾಡುತ್ತ ಬಿಸಿಲು ರೂಢಿ ಮಾಡಿಸಬೇಕಿತ್ತು. ಮರುವರ್ಷ ಮಳೆ ಬಿದ್ದ ಮೇಲೆ ತಿಪ್ಪೆಯ ಬದಿಗೆ ಎರಡೆರಡು ಎಲೆ ಕಂಡವು. ಎಣಿಸಿದರೆ ಹದಿನಾಲ್ಕು. ಸತ್ತಾವ ಅಂದಿದ್ದವೇ.

ಅವತ್ತಿನಿಂದ ನಾನು ಯೋಚನೆಗೆ ಬಿದ್ದೆ. ನಮ್ಮ ನಾಡಿನಲ್ಲಿ ಮೊದಲ ಮಳೆಯನ್ನು ನಂಬಿ ಎಲ್ಲ ಬೀಜವೂ ಒಮ್ಮೆಲೇ ಎದ್ದರೆ, ಮುಂದೆ ಮಳೆ ಕೈಕೊಟ್ಟರೆ ವಂಶವೇ ಮುಗಿಯಿತು. ಅದಕ್ಕೇ ಕೆಲವು ಏಳುತ್ತವೆ, ಕೆಲವು ಒಳಗೇ ಕೂತಿರುತ್ತವೆ. ನಾನು ಏನು ಮಾಡಿದೆ? ಕಲ್ಲಿಗೆ ತಿಕ್ಕಿ ಎಬ್ಬಿಸಿದೆ, ಅವಸರದವನ್ನು ಇಟ್ಟುಕೊಂಡು ಕಾಯುವವನ್ನು ಚೆಲ್ಲಿದೆ. ಇದೇ ರೀತಿ ಹತ್ತು ತಲೆಮಾರು ನಡೆಸಿದರೆ ಯಾರು ನೀರು ಹಾಕಿದರೂ ನಂಬುವ ಗಿಡ ಆದೀತು. ಹೂವು ಅದೇ ಹಳದಿ ಇದ್ದೀತು. 1972ರಲ್ಲಿ ನಿಂತ ಗಿಡ ಅದಾಗಿರೂದಿಲ್ಲ.

ಇದನ್ನು ತಮ್ಮನ ಮಗನಿಗೆ ಹೇಳಿದರೆ ಅವನು ನಕ್ಕ. "ಜೋಳಾನೂ ಒಂದ ಕಾಲಕ್ಕ ಕಾಡಹುಲ್ಲ ಇತ್ತಲ್ಲ ದೊಡ್ಡಪ್ಪಾ, ಹಿರ್‍ಯಾರು ಹಂಗ ಆರಿಸಿಲ್ಲಂದ್ರ ನೀವು ಏನ ಉಣ್ಣತಿದ್ರಿ?" ಮಾತು ಖರೇ. ಅವನಿಗೆ ಬ್ಯಾಂಕಿನ ಕಂತು ಇದೆ, ಖಾಲಿ ಕುಣಿ ಅಂದರೆ ಖಾಲಿ ಕಿಸೆ. ಮುಂದಿನ ವರ್ಷ ಹುಟ್ಟುವ ಮೆಣಸಿನ ಬೀಜವನ್ನು ಯಾವ ರೈತ ಕೊಂಡಾನು? ಒಂದು ವಾರ ನನಗೆ ಉತ್ತರ ಸಿಗಲಿಲ್ಲ. ಆಮೇಲೆ ಹೊಳೆದದ್ದು ಇಷ್ಟು. ಜೋಳದ ಜೋಡಿ, ಮೆಣಸಿನ ಜೋಡಿ ನಮ್ಮದೊಂದು ಕರಾರಿದೆ. ನೀನು ನಾವು ಹೇಳಿದಾಗ ಹುಟ್ಟು, ನಾವು ಬಿತ್ತತೇವಿ, ಕಳೆ ತೆಗೀತೇವಿ, ಕಾಯತೇವಿ. ಹೊನ್ನಾವರಿಕೆಗೆ ನಾನು ಹಾಗೆ ಮಾತು ಕೊಡಲಾರೆ. ರಸ್ತೆಯ ಬದಿಗೆ ಇಟ್ಟು ಬರುವವನು ನಾನು, ನನಗೆ ಅರವತ್ತಾರು. ಸಾಕಲಾರದವನು ಅದರ ಸ್ವಭಾವ ಕೆಡಿಸಬಾರದು ಎಂದು ನನಗೆ ಅನಿಸುತ್ತದೆ. ನಿಮಗೆ ಬೇರೆ ಅನಿಸಿದರೆ ಕಟ್ಟೆಗೆ ಬರ್ರಿ, ಮಾತಾಡೂಣು.

ಇನ್ನೊಂದು ಹೇಳಬೇಕು, ಹೇಳಲು ನಾಚಿಕೆ. ನಾನು ಹಂತಿ ಪದ ಹಾಡುವವನು. ರಾಶಿ ಮಾಡುವ ಯಂತ್ರ ಬಂದ ಮೇಲೆ ಹಂತಿ ಹೋಯಿತು, ಪದ ಉಳಿಯಲಿ ಎಂದು ಗುಡಿಯಲ್ಲಿ ಹುಡುಗರಿಗೆ ಕಲಿಸುತ್ತಿದ್ದೆ. ಒಬ್ಬ ಹುಡುಗ ನಾಲ್ಕು ವರ್ಷ ಬಂದು ಕೂತ, ಬಾಯಿ ಬಿಡಲಿಲ್ಲ. ಒಂದು ದಿನ ಎಲ್ಲರ ಮುಂದೆ, "ನಿನಗ ಸ್ವರಾನ ಇಲ್ಲ, ಕುರಿ ಕಾಯಿ ಹೋಗು" ಎಂದುಬಿಟ್ಟೆ. ಹೋದ. ಮುಂದೆ ಲಾರಿ ನಡೆಸಿದ. ಹನ್ನೆರಡು ವರ್ಷದ ಮೇಲೆ ಅವನ ತಾಯಿ ತೀರಿದ ರಾತ್ರಿ ಹೆಣದ ಮುಂದೆ ಅವನೇ ಹಾಡಿದ, ಬೆಳತನಕ. ನಾನು ಮರೆತ ನುಡಿಗಳೂ ಅದರಲ್ಲಿದ್ದವು. ನಾನು ಮೂಲೆಯಲ್ಲಿ ಕೂತು ದನಿಗೂಡಿಸಿದೆ. ನಾನು ಕೇಳಬೇಕಾದ ಮಾತು ಇನ್ನೂ ಕೇಳಿಲ್ಲ, ಅವನು ಹಬ್ಬಕ್ಕೆ ಮಾತ್ರ ಊರಿಗೆ ಬರುತ್ತಾನೆ.

ಈ ವರ್ಷ ಅರ್ಧ ಬೀಜ ಮಾತ್ರ ತಿಕ್ಕಿದೆ. ಅರ್ಧವನ್ನು ಹಂಗೇ ಹಾಕಿದೆ. ಟ್ರೇ ತಮ್ಮನ ಮಗನಿಗೆ ಹೊತ್ತಿಗೆ ಸರಿಯಾಗಿ ತಿರುಗಿ ಕೊಟ್ಟೆ. ಹುಟ್ಟದ ಕುಣಿಗಳ ಮಣ್ಣನ್ನು ಬುಟ್ಟಿಯಲ್ಲಿ ಒಯ್ದು ರಸ್ತೆಯ ಬದಿಗೆ ಸಣ್ಣ ಗೆರೆ ಎಳೆದು ಸುರುವಿದೆ. ಮೊಮ್ಮಗಳು ಗುರುತಿಗೆ ಕಲ್ಲು ಇಟ್ಟಾಳ. ಮೊನ್ನೆ ಹೋಗಿ ನೋಡಿದೆವು, ಆರು ಎದ್ದಾವ. ಅವಳು ಬಾಕಿ ಎಷ್ಟು ಎಂದು ಬೆರಳು ಮಡಚಿ ಎಣಿಸುತ್ತಿದ್ದಳು.